ರೇಷನ್ನಿಗೆ ಸಿಗದ ಮೀನು

ಇಂಗ್ಲೆಂಡಿನ ವಿಟ್‌ಬಿ ಬಂದರಿನ ಫಿಶ್ ಅಂಡ್ ಚಿಪ್ಸ್ ಅಂಗಡಿಗಳ ಮುಂದೆ ರಜಾದಿನಗಳಲ್ಲಿ ಉದ್ದುದ್ದ ಸಾಲು. ಮಳೆ ಹನಿದರೂ ಯಾರೂ ಕದಲುವುದಿಲ್ಲ. ಯಾರ್ಕ್‌ಷೈರಿನವರಿಗೆ ಕಾಡ್‌ಗಿಂತ ಹ್ಯಾಡಕ್ ಮೀನೇ ಹೆಚ್ಚು ಇಷ್ಟ. ಅದನ್ನು ಹಲವೆಡೆ ಇಂದಿಗೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಮೇಲೆ ಉಪ್ಪು, ಮಾಲ್ಟ್ ವಿನೆಗರ್.

ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸಕ್ಕೆಲ್ಲ ರೇಷನ್ ಹಾಕಿದ ಬ್ರಿಟಿಷ್ ಸರ್ಕಾರ ಫಿಶ್ ಅಂಡ್ ಚಿಪ್ಸ್ ಒಂದನ್ನು ಮುಟ್ಟಲಿಲ್ಲ. ಜನರ ಹೊಟ್ಟೆಯ ಜೊತೆಗೆ ಮನಸ್ಸೂ ಗಟ್ಟಿಯಾಗಿರಬೇಕಿತ್ತಲ್ಲ! ಹಾಗೆ ನೋಡಿದರೆ ಮೀನನ್ನು ಹಿಟ್ಟು ಹಚ್ಚಿ ಕರಿಯುವುದನ್ನು ಅಲ್ಲಿಗೆ ತಂದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಇಂಗ್ಲಿಷರ ಹೆಮ್ಮೆಯ ಊಟಕ್ಕೂ ಹೊರಗಿನವರ ಕೈರುಚಿ.

ಅಂದಹಾಗೆ, ಪೊಟ್ಟಣ ಬಿಚ್ಚುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ವಿಟ್‌ಬಿಯ ಕಡಲಹಕ್ಕಿಗಳಿಗೆ ನಾಚಿಕೆ ಎಂಬುದೇ ಇಲ್ಲ.