ಅಂಬುಧಿಯಿಂದ ಅಂಬುಧಿಗೆ

ಕಡಲಿಲ್ಲದ ಊರಿಗೆ ಕಡಲಿನ ಮೇಲೆ ಮೋಹ ಹೆಚ್ಚು. ಬೆಂಗಳೂರಿನ ಹಿಂದಿನವರು ತಮ್ಮ ಕೆರೆಗಳಿಗೆ ಕೆಂಪಾಂಬುಧಿ, ಧರ್ಮಾಂಬುಧಿ ಎಂದು ಹೆಸರಿಟ್ಟುದನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕುಳಿತು ಮಳೆಯ ನೀರನ್ನು ಅಂಬುಧಿಯೆಂದು ಕರೆಯಬೇಕಾದರೆ ಎದೆಗಾರಿಕೆ ಬೇಕು. ಕೆಂಪಾಂಬುಧಿ ಬಸವನಗುಡಿಯ ಮಗ್ಗುಲಲ್ಲಿ ಇನ್ನೂ ಉಳಿದಿದೆ. ಧರ್ಮಾಂಬುಧಿಯಾದರೋ ಬತ್ತಿಹೋಗಿ, ಅದರ ತಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿದೆ. ನಿಜವಾದ ಅಂಬುಧಿಯನ್ನು ನೋಡಲು ಹೊರಟವರು ಅಲ್ಲಿಯೇ ಬಸ್ಸು ಹತ್ತುತ್ತಾರೆಂಬುದು ವಿಧಿಯ ಒಂದು ಸಣ್ಣ ವಿನೋದ.

ಹಾಗೆ ಹತ್ತಿದವರಲ್ಲಿ ಬಸವನಗುಡಿಯ ರಾಯರೊಬ್ಬರು, ಅವರ ಪತ್ನಿ ಮತ್ತು ಹತ್ತು ವರ್ಷದ ಮೊಮ್ಮಗ. ರಾಯರು ಖಜಾನೆಯಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ನೀರನ್ನು ಅವರು ಹೆಚ್ಚಾಗಿ ನಲ್ಲಿಯಲ್ಲಿ ಕಂಡವರು. ಹೊರಡುವ ಮುನ್ನ ಪಂಚಾಂಗ ತೆರೆದರು. ದೋಣಿಯೇರುವ ದಿನ ಅಮಾವಾಸ್ಯೆಯ ಮರುದಿನ, ಪಾಡ್ಯ. ಮುಖ ಸಿಂಡರಿಸಿದರು. ಆದರೆ ಟಿಕೆಟ್ಟು ಕೊಂಡಾಗಿತ್ತು, ಮೊಮ್ಮಗನಿಗೆ ಮಾತು ಕೊಟ್ಟಾಗಿತ್ತು.

ಅವರು ಇಳಿದದ್ದು ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ. 1902ರಲ್ಲಿ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಕೊನೆಯ ವರ್ಷಗಳನ್ನು ಕಳೆದ ಊರು ಇದು. ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಹೊಳೆ ಮತ್ತು ಕಡಲುಗಳ ನಡುವೆ ಇಕ್ಕಟ್ಟಾಗಿ ಸಾಗುವ ಇಲ್ಲಿನ ಬದುಕು ಅಪರಿಚಿತವಲ್ಲ. ರಾಯರು ಅದನ್ನು ಎರಡು ಬಾರಿ ಓದಿದ್ದರು; ಆದರೆ ಓದಿದ ಹೊಳೆಯಲ್ಲಿ ಬಟ್ಟೆ ಒದ್ದೆಯಾಗುವುದಿಲ್ಲ.

ಸೀತಾ ನದಿಯ ಹಿನ್ನೀರಿನಲ್ಲಿ ಈಗ ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ಯುವ ವ್ಯವಸ್ಥೆಯಿದೆ. ಹಿಮನಾಡಿನ ಇನ್ಯುಯಿಟ್ ಜನರು ಮರದ ಹಂದರಕ್ಕೆ ಸೀಲಿನ ಚರ್ಮ ಹೊದಿಸಿ, ಬೇಟೆಗಾಗಿ ಮಾಡಿಕೊಂಡ ಕಿರುದೋಣಿ ಕಯಾಕು. ಇಲ್ಲಿರುವುದು ಅದರ ಪ್ಲಾಸ್ಟಿಕ್ ಮೊಮ್ಮಗು. ಹುಟ್ಟಿಗೆ ಎರಡು ಕಡೆಯೂ ಅಲಗು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ಇಬ್ಬರು ಕೂಡುವ ದೋಣಿಯಲ್ಲಿ ಮುಂದಿನವರು ತಾಳ ಹಾಕಬೇಕು, ಹಿಂದಿನವರು ತಾಳ ಹಿಡಿದು ದಿಕ್ಕು ನೋಡಿಕೊಳ್ಳಬೇಕು. ದಾಂಪತ್ಯವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ಯಾರೂ ಕಂಡುಹಿಡಿದಿರಲಾರರು. ರಾಯರು ಹಿಂದೆ ಕುಳಿತು ಅಪ್ಪಣೆ ಕೊಡುತ್ತ ಮೂರು ಸಲ ದೋಣಿಯನ್ನು ಪೊದೆಗೆ ನುಗ್ಗಿಸಿದರು. ಮೊಮ್ಮಗನನ್ನು ತನ್ನ ದೋಣಿಯಲ್ಲಿ ಕೂರಿಸಿಕೊಂಡಿದ್ದ ಮಾರ್ಗದರ್ಶಿ, ಬೆಸ್ತರ ಮನೆಯ ಹುಡುಗ, ಏನೂ ಹೇಳದೆ ಒಂದು ಮರಳದಿಬ್ಬದ ಬಳಿ ನಿಲ್ಲಿಸಿ, ಅಮ್ಮನವರನ್ನು ಹಿಂದೆ ಕೂರಿಸಿದ. ದೋಣಿ ನೆಟ್ಟಗೆ ನಡೆಯಿತು.

ನೆರೆನೀರು ಅವರನ್ನು ಮೆಲ್ಲನೆ ಕಾಂಡ್ಲಾವನದೊಳಕ್ಕೆ ಒಯ್ದಿತು. ಈ ಗಿಡಗಳ ಬಾಳು ವಿಚಿತ್ರ. ಕೆಸರಿನಲ್ಲಿ ಗಾಳಿಯಿಲ್ಲವೆಂದು ಕೆಲವು ಬೇರುಗಳನ್ನು ಮೇಲಕ್ಕೆ ಕಳುಹಿಸಿ ಉಸಿರಾಡುತ್ತವೆ. ಕೆಲವು ಜಾತಿಗಳ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ಕೋಲಿನಂತೆ ಉದ್ದವಾಗಿ ಬೆಳೆದು, ಆಮೇಲೆ ನೀರಿಗೆ ಬೀಳುತ್ತದೆ. ನೀರು ಒಯ್ದಲ್ಲಿ ಬೇರು ಬಿಡುತ್ತದೆ. ಮೊಮ್ಮಗ ಅಂಥದೊಂದನ್ನು ಹೆಕ್ಕಿ ಊರಿಗೆ ಒಯ್ಯುತ್ತೇನೆಂದ. ಕಾವೇರಿ ನೀರಿಗೆ ಅದು ಒಗ್ಗುವುದಿಲ್ಲವೆಂದು ಅಜ್ಜಿ ಅದನ್ನು ಮತ್ತೆ ನೀರಿಗೆ ಬಿಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಕೋಡಿ ಬೆಂಗ್ರೆಯ ಕಡೆಗೆ ಬಂದರು. ಸೀತಾ, ಸುವರ್ಣಾ ನದಿಗಳು ಕಡಲನ್ನು ಸೇರುವ ಅಳಿವೆ ಅಲ್ಲಿದೆ. ದೂರದಲ್ಲಿ ಬಿಳಿಯ ನೊರೆಯ ಗೆರೆ. ಅದನ್ನು ಕಂಡ ರಾಯರಿಗೆ ಯೌವನ ಮರುಕಳಿಸಿತು; ಅಳಿವೆ ದಾಟಿ ಕಡಲಿಗೇ ಹೋಗೋಣವೆಂದರು. ಹುಡುಗ ತಲೆಯಲ್ಲಾಡಿಸಿದ.

“ಹ್ವಾಯ್, ಇವತ್ತ್ ಬ್ಯಾಡ. ನೀರ್ ಇಳೂಕ್ ಶುರು ಆಯ್ತ್.”

“ಹಣ ಪೂರ್ತಿ ಕೊಟ್ಟಿದೆಯಪ್ಪ,” ಎಂದರು ರಾಯರು. ಮೂವತ್ತು ವರ್ಷ ಖಜಾನೆಯಲ್ಲಿ ಕುಳಿತವರ ವಾದ ಅದಕ್ಕಿಂತ ಮುಂದೆ ಹೋಗುವುದು ಕಷ್ಟ.

ಹುಡುಗ ವಾದಕ್ಕೆ ನಿಲ್ಲಲಿಲ್ಲ. ಒಂದು ಒಣಕಡ್ಡಿಯನ್ನು ನೀರಿಗೆ ಹಾಕಿದ. ಕಣ್ಣೆದುರಿಗೇ ಅದು ಅಳಿವೆಯ ಕಡೆಗೆ ಓಡತೊಡಗಿತು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಆಗ ಹೊಳೆಯೂ ಇಳಿತವೂ ಒಟ್ಟಾಗಿ ಹೊರಗೆ ನುಗ್ಗುವಾಗ, ಕಡಲಿನ ಅಲೆಗಳು ಒಳಗೆ ಬರುತ್ತಿರುತ್ತವೆ. ಎರಡೂ ಢಿಕ್ಕಿ ಹೊಡೆಯುವ ಕಡೆ ನೀರು ಗೋಡೆಯಂತೆ ಏಳುತ್ತದೆ. ಆ ಬಿಳಿಯ ಗೆರೆ ಅದೇ. ರಾಯರು ಕಡ್ಡಿಯನ್ನು ನೋಡಿದರು, ಮೊಮ್ಮಗನನ್ನು ನೋಡಿದರು. ಪಾಡ್ಯವೆಂದು ಮುಖ ಸಿಂಡರಿಸಿದ್ದವರಿಗೆ ಆ ತಿಥಿಗೆ ಇಷ್ಟೊಂದು ತೂಕವಿರುವುದು ಆ ಕ್ಷಣದವರೆಗೆ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ತಿಥಿ ಪುಟದ ಮೇಲಿರುತ್ತದೆ. ಇಲ್ಲಿ ಅದು ದೋಣಿಯ ಅಡಿಯಲ್ಲಿ ಹರಿಯುತ್ತಿತ್ತು.

“ಅವನು ಬೇಡವೆಂದ ಮೇಲೆ ಬೇಡ,” ಎಂದು ಅಮ್ಮನವರು ಆಗಲೇ ದೋಣಿಯನ್ನು ದಡಕ್ಕೆ ತಿರುಗಿಸಿದ್ದರು.

ಹೊಳೆಗೂ ಕಡಲಿಗೂ ನಡುವೆ ಅಲ್ಲಿ ಕಿರಿದಾದ ಮರಳಿನ ಪಟ್ಟಿ. ದೋಣಿಗಳನ್ನು ಈಚೆ ಎಳೆದಿಟ್ಟು, ಬಿಸಿ ಮರಳಿನಲ್ಲಿ ಓಡಿ, ಆಚೆ ಕಡಲಿಗೆ ಕಾಲು ಒಡ್ಡಿದರು. ಹಿಂದಿರುಗುವಾಗ ಇಳಿತದೆದುರು ಹುಟ್ಟು ಹಾಕಬೇಕಾಗಿ ಬಂದು ರಾಯರ ತೋಳು ಬಿದ್ದುಹೋದವು. ನಡುಹೊಳೆ ಬಿಟ್ಟು ಸೆಳೆತ ಕಡಿಮೆಯಿದ್ದ ದಡದ ಪಕ್ಕದಲ್ಲೇ ಹುಡುಗ ಕರೆದೊಯ್ದ. ನೀರು ತಗ್ಗಿದ ಕಡೆಯಲ್ಲಿ ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಆಯಲು ಇಳಿದಿದ್ದರು. ಅವರಿಗೆ ಯಾರೂ ಹೊತ್ತು ಹೇಳಿದಂತೆ ಕಾಣಲಿಲ್ಲ.

ದೋಣಿಯಿಂದ ಇಳಿಯುತ್ತ ರಾಯರು, ನೀರು ಸೌಮ್ಯವಾಗಿರುವ ದಿನ ಯಾವುದೆಂದು ವಿಚಾರಿಸಿದರು. ಹುಡುಗ ಬೆರಳು ಮಡಿಸಿ ಲೆಕ್ಕ ಹಾಕಿ, ಅಷ್ಟಮಿಯ ಸುಮಾರಿಗೆ ಬನ್ನಿ ಎಂದ. ಅಷ್ಟಮಿ ನವಮಿಗಳಲ್ಲಿ ಹೊಸಲು ದಾಟದ ಮನೆತನ ಅವರದು. ಅಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಂತೆ, ರಾಯರು ಜೇಬಿನಿಂದ ಒದ್ದೆಯಾದ ಡೈರಿಯನ್ನು ತೆಗೆದು ಅದನ್ನು ಬರೆದುಕೊಂಡರು.