ತಾಳುಂ ಎಂದರೆ ಬೀಗ

ನಮ್ಮ ಮನೆಯಲ್ಲಿ ನಾಲ್ಕು ಭಾಷೆಗಳ ಓಡಾಟ. ಹಿರಿಯರೊಡನೆ ಕನ್ನಡ, ನೆರೆಹೊರೆಯವರೊಡನೆ ಗುಜರಾತಿ, ಕಚೇರಿಯಲ್ಲಿ ಇಂಗ್ಲಿಷು, ಉಳಿದ ಕಡೆ ಹಿಂದಿ. ವಡೋದರಾದ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಆದರೆ ಇವುಗಳಲ್ಲಿ ಯಾವುದು ನಮ್ಮೊಳಗೆ ಎಷ್ಟು ಆಳದಲ್ಲಿದೆ ಎಂದು ನಾವು ಯೋಚಿಸಿದವರಲ್ಲ. 2022ರ ನವರಾತ್ರಿಯಲ್ಲಿ ನಮ್ಮ ತಂದೆಯವರ ಮಾತು ನಿಂತಾಗ ಆ ಪ್ರಶ್ನೆ ತಾನಾಗಿ ಬಂದು ಎದುರಿಗೆ ನಿಂತಿತು.

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲೋಟ ಅವರ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಪಾರ್ಶ್ವವಾಯು. ಕೂಡಲೆ ಆಸ್ಪತ್ರೆಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಕೆಲವು ದಿನಗಳಲ್ಲಿ ಕೋಲು ಹಿಡಿದು ನಡೆಯುವಷ್ಟೂ ಆದರು. ಆದರೆ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಆಮೇಲೆ.” ನೀರು ಬೇಕಾದರೂ “ಆಮೇಲೆ”, ಸಿಟ್ಟು ಬಂದರೂ “ಆಮೇಲೆ.” ನೋಡಲು ಬಂದವರು ಕಿವಿ ಕೇಳಿಸದವರೊಡನೆ ಮಾತಾಡುವಂತೆ “ಕೇಮ ಛೋ ಕಾಕಾ?” ಎಂದು ಕೂಗುತ್ತಿದ್ದರು. ಬುದ್ಧಿಯೂ ಹೋಗಿರಬೇಕೆಂದು ಪಿಸುಗುಟ್ಟಿದವರೂ ಉಂಟು. ತಂದೆಯವರು ಅದನ್ನು ಕೇಳಿಸಿಕೊಂಡು ಮುಖ ತಿರುಗಿಸಿದರು. ಬುದ್ಧಿ ಎಲ್ಲಿಗೂ ಹೋಗಿಲ್ಲವೆಂದು ನಮಗೆ ಗೊತ್ತಾದದ್ದು ಆಗಲೇ.

ಇದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ನಾಲಿಗೆ ಇದೆ, ಕಿವಿ ಇದೆ, ವಿಚಾರವೂ ಇದೆ. ವಿಚಾರದಿಂದ ಮಾತಿಗೆ ಹೋಗುವ ಸೇತುವೆ ಮಾತ್ರ ಮುರಿದಿದೆ. ಹೆಚ್ಚಿನ ಜನರಲ್ಲಿ ಮಾತಿನ ನೆಲೆ ಮಿದುಳಿನ ಎಡಭಾಗ. ಅಲ್ಲಿಗೆ ರಕ್ತ ನಿಂತರೆ ಬಲಗೈಯೂ ಮಾತೂ ಒಟ್ಟಿಗೆ ಕೈಕೊಡುವುದುಂಟು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯ, ಏನು ಕೇಳಿದರೂ “ತಾಂ” ಎಂದಷ್ಟೇ ಹೇಳುತ್ತಿದ್ದ ರೋಗಿಯೊಬ್ಬನು ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ, ಎಡಭಾಗದ ಮುಂದುಗಡೆ ಗಾಯವನ್ನು ಕಂಡ. 1874ರಲ್ಲಿ ಜರ್ಮನಿಯ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಅದರಲ್ಲಿ ಮಾತು ಸರಾಗವಾಗಿ ಬರುತ್ತದೆ, ಅರ್ಥ ಇರುವುದಿಲ್ಲ, ಇತರರು ಹೇಳಿದ್ದೂ ತಿಳಿಯುವುದಿಲ್ಲ. ನಮ್ಮ ತಂದೆಯವರದು ಮೊದಲನೆಯ ಬಗೆ. ಪ್ಯಾರಿಸ್ಸಿನವನಿಗೆ “ತಾಂ” ಇದ್ದಂತೆ ಇವರಿಗೆ “ಆಮೇಲೆ.”

ವಾಕ್‌ಚಿಕಿತ್ಸೆಗೆಂದು ಒಬ್ಬ ಗುಜರಾತಿ ಹೆಣ್ಣುಮಗಳು ಮನೆಗೆ ಬರತೊಡಗಿದರು. ಬಾಚಣಿಗೆ, ಕತ್ತರಿ, ಲೋಟ ಹೀಗೆ ಚಿತ್ರಗಳನ್ನು ತೋರಿಸಿ “ಆ ಶುಂ ಛೇ?” ಎಂದು ಕೇಳುವರು. ಇವರು ಮೌನ. ಎರಡು ವಾರ ಹೀಗೇ ಕಳೆಯಿತು. ಒಂದು ದಿನ ಬೀಗದ ಚಿತ್ರ ಬಂತು. ತಂದೆಯವರು ಬೆವರುತ್ತ, ತುಟಿ ಒದ್ದಾಡಿಸುತ್ತ, ಕೊನೆಗೆ “ಬೀ...ಗ” ಎಂದರು. ಆಕೆ ತಮ್ಮ ಹಾಳೆಯಲ್ಲಿ ತಪ್ಪು ಎಂದು ಗುರುತು ಹಾಕಿದರು. ಅಡಿಗೆಮನೆಯ ಬಾಗಿಲಲ್ಲಿದ್ದ ಅಮ್ಮ “ಅಯ್ಯೋ, ಸರಿಯಾಗೇ ಹೇಳಿದರಲ್ಲ!” ಎಂದು ಕೂಗಿಕೊಂಡರು.

ಗುಜರಾತಿಯಲ್ಲಿ ಬೀಗಕ್ಕೆ ತಾಳುಂ. ಕನ್ನಡದಲ್ಲಿ ತಾಳು ಎಂದರೆ ಸೈರಿಸಿಕೊ. ಆಕೆಗೆ ಇದನ್ನು ವಿವರಿಸಿದಾಗ ಆಕೆಯೂ ನಕ್ಕರು, ತಂದೆಯವರೂ ನಕ್ಕರು. ಅನೇಕ ವಾರಗಳ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಆದರೆ ನಮ್ಮ ಎದೆಯಲ್ಲಿ ಒಂದು ಮುಳ್ಳು ಉಳಿಯಿತು. ಮಾತೃಭಾಷೆ ಯಾವುದೆಂದು ಮೊದಲ ದಿನವೇ ಹೇಳಬೇಕೆಂದು ನಮಗೆ ತೋಚಿರಲಿಲ್ಲ. ಈ ಮಧ್ಯೆ ಎಷ್ಟು ಸರಿಯುತ್ತರಗಳನ್ನು ಅವರು ಬಾಯೊಳಗೇ ನುಂಗಿದರೋ!

ಹಲವು ಭಾಷೆ ಬಲ್ಲವರಿಗೆ ಯಾವುದು ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಫ್ರಾನ್ಸಿನ ರಿಬೋ. ಹೆಚ್ಚು ಬಳಸುತ್ತಿದ್ದುದು ಎಂದು ಅಲ್ಲಿಯವನೇ ಆದ ಪಿತ್ರ್, 1895ರಲ್ಲಿ. ಎಲ್ಲರಿಗೂ ಒಪ್ಪುವ ನಿಯಮವಿಲ್ಲ. ಬಹಳ ಮಂದಿಗೆ ಎಲ್ಲ ಭಾಷೆಗಳೂ ಒಟ್ಟಿಗೇ ಚೇತರಿಸುವುದೂ ಉಂಟು. ಆದ್ದರಿಂದ ಪರೀಕ್ಷೆ ರೋಗಿಯ ಎಲ್ಲ ಭಾಷೆಗಳಲ್ಲೂ ಆಗಬೇಕು. ಕನ್ನಡಕ್ಕೆ ಈ ಅನುಕೂಲವಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ; ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಗೆ ಕನ್ನಡ ರೂಪವೂ ಇದೆ.

ಅಂದಿನಿಂದ ಪಾಠ ಕನ್ನಡಕ್ಕೆ ತಿರುಗಿತು. ಆಕೆ ದಾರಿ ತೋರುವುದು, ನಾವು ಹೇಳಿಸುವುದು. ಮೊದಲು ಬಾಯಿಪಾಠವಾದದ್ದು: ಒಂದರಿಂದ ಹತ್ತು, ವಾರದ ಹೆಸರು, “ಎರಡೊಂದ್ಲೆ ಎರಡು” ಮಗ್ಗಿ. ಇಂಥವು ಬೇಗ ಹೊರಡುತ್ತವೆ. ಒಂದು ಸಂಜೆ ಅಮ್ಮ ದೇವರ ಮುಂದೆ ಹಾಡುತ್ತಿದ್ದಾಗ, ನೀರು ಕೇಳಲಾರದ ಮನುಷ್ಯ ಇಡೀ ಪದವನ್ನು ಜೊತೆಯಲ್ಲಿ ಹಾಡಿದರು! ನಾವು ಪವಾಡವೆಂದುಕೊಂಡೆವು. ಪವಾಡವಲ್ಲ; ರಾಗಕ್ಕೆ ಮಿದುಳಿನ ಬಲಭಾಗವೂ ನೆರವಾಗುತ್ತದೆ. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ರಾಗದಿಂದ ಮಾತಿಗೆ ಇಳಿಸುವ ಚಿಕಿತ್ಸೆಯನ್ನು ರೂಪಿಸಿದ್ದರು. ನಾವೂ “ನೀರು ಬೇಕು” ಎಂಬುದನ್ನು ಎಳೆದು ಹಾಡಿ, ಎಡಗೈಯಿಂದ ತಾಳ ಹಾಕಿಸಿ, ಮೆಲ್ಲಗೆ ರಾಗವನ್ನು ಕಳಚಿದೆವು.

ಚಿಕಿತ್ಸೆಯಿಂದ ಫಲವುಂಟೇ ಎಂದು ಕೇಳುವವರಿಗೆ ಒಂದು ಮಾತು. 57 ಪ್ರಯೋಗಗಳನ್ನು, 3,002 ರೋಗಿಗಳನ್ನು ಒಳಗೊಂಡ 2016ರ ಕಾಕ್ರೇನ್ ಸಮೀಕ್ಷೆ, ಉಂಟು ಎಂದೇ ಹೇಳಿದೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗ. ಆಮೇಲೆ ನಿಧಾನ, ಆದರೆ ಬಾಗಿಲು ಮುಚ್ಚುವುದಿಲ್ಲ. ಮನೆಯವರು ಮಾಡಬೇಕಾದದ್ದು ಸಣ್ಣ ಸಣ್ಣದು. ಟೀವಿ ಆರಿಸಿ, ಎದುರಿಗೆ ಕೂತು, ಚಿಕ್ಕ ವಾಕ್ಯದಲ್ಲಿ ಮಾತಾಡುವುದು. ಹೌದು-ಇಲ್ಲ ಎನ್ನಬಹುದಾದ ಪ್ರಶ್ನೆ ಕೇಳುವುದು. ಮಗುವಿನಂತೆ ಮುದ್ದಿಸದಿರುವುದು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಅವರ ಮಾತನ್ನು ನಾವೇ ಮುಗಿಸದೆ ಕಾಯುವುದು. ತಾಳಿದವನು ಬಾಳಿಯಾನು ಎಂಬುದನ್ನು ನಾವು ಕಲಿತದ್ದು ಹೀಗೆ.

ದೊಡ್ಡ ಬದಲಾವಣೆ ಆದದ್ದು ನಮ್ಮ ಮಗನಲ್ಲಿ. ಅವನಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಗುಜರಾತಿಯಲ್ಲಿ. ಈಗ ತಾತನಿಗೆ ಚಿತ್ರಪಟ ತೋರಿಸಲು ಅವನಿಗೇ ಪದ ಬೇಕಾಯಿತು. ತಾತ “ಅ” ಎಂದರೆ ಅವನು “ಅರಸ”. ಅವನು ತಪ್ಪು ಬರೆದರೆ ತಾತ ಎಡಗೈಯಿಂದ ತಿದ್ದುವುದು. ಯಾರು ಗುರು, ಯಾರು ಶಿಷ್ಯ, ಹೇಳುವುದು ಕಷ್ಟ.

ತಂದೆಯವರು ಇಂದಿಗೂ ಉದ್ದನೆಯ ಮಾತಾಡಲಾರರು, ಹೆಸರುಗಳು ತಪ್ಪುತ್ತವೆ. ಗುಜರಾತಿಯೂ ಹಿಂದೆಯೇ ಸ್ವಲ್ಪ ಸ್ವಲ್ಪ ಬಂತು. ನೆರೆಯವರಿಗೆ “ಸಾರುಂ ಛೇ” ಎನ್ನುತ್ತಾರೆ. ರಾತ್ರಿ ಮಲಗುವ ಮುನ್ನ “ಬೀಗ ಹಾಕಿದೆಯಾ?” ಎಂದು ಕೇಳುತ್ತಾರೆ. ಹಾಕಿದ್ದರೂ ನಾವು ಎದ್ದು ಹೋಗಿ ನೋಡಿ ಬರುತ್ತೇವೆ.

ಓದುಗ ಬಂಧುಗಳಲ್ಲಿ ಒಂದೇ ಕೋರಿಕೆ. ಹಿರಿಯರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಯಲ್ಲಿ ಇನ್ನೂ ಒಂದನ್ನು ಬರೆಯಿಸಿ: ಮನೆಮಾತು ಕನ್ನಡ.