ತುಂಗೆಯ ಮೇಲ್ದಂಡೆಯ ನೆಮ್ಮಾರು

ಶೃಂಗೇರಿಯ ಸೋಪಾನದಲ್ಲಿ ನಿಂತು ಮೀನುಗಳಿಗೆ ಮಂಡಕ್ಕಿಯನ್ನೆರಚುವ ಯಾತ್ರಿಕರು ಅಸಂಖ್ಯ; ಆ ನೀರು ಯಾವ ಊರನ್ನು ಹಾದು ಬಂದಿತೆಂದು ಕೇಳುವವರು ವಿರಳ. ಗಂಗಾಮೂಲದಲ್ಲಿ ಭದ್ರೆ, ನೇತ್ರಾವತಿಯರೊಡನೆ ಹುಟ್ಟಿದ ತುಂಗೆಯು ಕೆರೆಕಟ್ಟೆಯ ಕಾಡನ್ನಿಳಿದು, ಶೃಂಗೇರಿಯನ್ನು ಸೇರುವ ಮುನ್ನ ನೆಮ್ಮಾರನ್ನು ಹಾದುಬರುವಳು.

ಇಲ್ಲಿ ಊರೆಂದರೆ ಸಾಲುಮನೆಗಳ ಕೇರಿಯಲ್ಲ. ತೋಟಕ್ಕೊಂದು ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ, ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಆಷಾಢದ ಮಳೆಗೆ ಸಂಕ ಮುಳುಗಿದರೆ ನೆರೆಮನೆಯೂ ಪರದೇಶವೇ ಸರಿ.

ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ಅಡಕೆಯ ಬುಡವನ್ನು ಸೇರುವುದು. ಆ ಅಡಕೆಯಿಂದಲೇ ಅನ್ನ, ವಸ್ತ್ರ, ಮಕ್ಕಳ ವಿದ್ಯೆ. ಈಗ ಆ ಮೂಲಕ್ಕೇ ಪೆಟ್ಟು ಬಿದ್ದಿದೆ. ಹಳದಿ ಎಲೆ ರೋಗವು ಈ ಸೀಮೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಗರಿಯ ತುದಿ ಹಳದಿಯಾಗುವುದು, ಕಾಯಿ ಉದುರುವುದು, ತಿರುಳು ಕಪ್ಪಾಗುವುದು. ನಿಶ್ಚಿತವಾದ ಔಷಧವು ಇಂದಿಗೂ ಇಲ್ಲ. 1987ರಲ್ಲಿ ಕುದುರೆಮುಖವು ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡು ಕಡಿದು ಹೊಸ ತೋಟವೆಬ್ಬಿಸುವ ಮಾತೂ ಇಲ್ಲ. ಮಕ್ಕಳು ಬೆಂಗಳೂರಿಗೆ ಹೋದರು. ಹಿರಿಯರು ಜಗಲಿಯಲ್ಲಿ ಉಳಿದರು.

ಆದರೂ ಸತ್ತ ಮರದ ಮಗ್ಗುಲಲ್ಲಿ ಕಾಫಿಯ ಗಿಡವನ್ನೂ ಮೆಣಸಿನ ಬಳ್ಳಿಯನ್ನೂ ನೆಡುವ ಕೈಗಳುಂಟು. ಮೀನಿಗೆ ಮಂಡಕ್ಕಿಯನ್ನೆರಚುವವರು ಒಮ್ಮೆ ಮೇಲ್ದಂಡೆಯ ಆ ಕೈಗಳನ್ನೂ ನೆನೆದರೆ ಯಾತ್ರೆ ಪೂರ್ಣವಾದೀತು.